ಒಂದು ಕಡಿಮೆ

"ಮುಗೀತಾ?" ಎಂದರು ನರಸಿಂಹಮೂರ್ತಿ ಮೇಷ್ಟ್ರು.

"ಊಂ ಸಾ."

ಹತ್ತು ಲೆಕ್ಕ, ಐದು ನಿಮಿಷ. ಐದನೇ ಕ್ಲಾಸಿನ ಅಮೃತ ಹಾಳೆ ಕೊಟ್ಟು ಕೈಕಟ್ಟಿ ನಿಂತಳು. ಉಳಿದ ಮಕ್ಕಳು ಇನ್ನೂ ಮೊದಲನೇ ಲೆಕ್ಕಕ್ಕೆ ಬೆರಳು ಮಡಚುತ್ತಿದ್ದರು. ಇವತ್ತು ಮೇಷ್ಟ್ರು ಅವಳನ್ನು ತಮ್ಮ ಮೇಜಿನ ಪಕ್ಕ ಒಂಟಿಯಾಗಿ ಕೂರಿಸಿ, ಲೆಕ್ಕಗಳನ್ನು ಅಲ್ಲೇ ಹುಟ್ಟಿಸಿ ಬೋರ್ಡಿನ ಮೇಲೆ ಬರೆದಿದ್ದರು. ಯಾವ ಗೈಡಿನ ಹಿಂದಿನ ಪುಟದಲ್ಲೂ ಇವುಗಳ ಉತ್ತರ ಸಿಗುವಂತಿರಲಿಲ್ಲ.

ಅವರ ಗುಮಾನಿ ಇವತ್ತಿನದಲ್ಲ. ಜೂನ್‌ನಿಂದ ಈ ಹುಡುಗಿಗೆ ಪ್ರತಿ ಟೆಸ್ಟಿನಲ್ಲೂ ಇಪ್ಪತ್ತೈದಕ್ಕೆ ಇಪ್ಪತ್ತೈದು. ಹಾಳೆಯಲ್ಲಿ ಕೂಡಿದ, ಕಳೆದ ಗುರುತೇ ಇಲ್ಲ; ಬರೀ ಉತ್ತರ. ಹೇಗೆ ಮಾಡಿದೆ ಅಂದರೆ "ಹಂಗೇ ಬಂತು ಸಾ" ಅನ್ನುತ್ತಾಳೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದ ಮೇಷ್ಟ್ರಿಗೇ ಒಂದು ಲೆಕ್ಕವೂ ಹಂಗೇ ಬಂದದ್ದಿಲ್ಲ. ಹೋದ ವಾರ ಹೆಡ್‌ಮೇಡಂ ಪ್ರಾರ್ಥನೆಯ ಹೊತ್ತಿನಲ್ಲಿ ಅವಳನ್ನು ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದಾಗಲಂತೂ ಅವರಿಗೆ ಮೈ ಉರಿದಿತ್ತು. ವಸತಿ ಶಾಲೆಯ ಪರೀಕ್ಷೆಗೆ ಇಲ್ಲಿಂದ ಒಬ್ಬರ ಹೆಸರು ಹೋಗಬೇಕು, ನಾಳೆಯೇ ಕೊನೆಯ ದಿನ. ಕದ್ದು ಬರೆಯುವವಳನ್ನು ಕಳಿಸಿ ಶಾಲೆಯ ಮಾನ ಕಳೆಯುವುದೇ?

ಹಾಳೆ ನೋಡಿದರು. ಹತ್ತಕ್ಕೆ ಹತ್ತೂ ತಪ್ಪು.

ಸುಳ್ಳು ಹೇಳಬಾರದು, ಅವರಿಗೆ ಖುಷಿಯಾಯಿತು. ಕೆಂಪು ಪೆನ್ನಿನಿಂದ ಹತ್ತು ಇಂಟು ಎಳೆದರು. ಯಾವ ಉತ್ತರ ಎಷ್ಟರಿಂದ ತಪ್ಪಿದೆ ಎಂದು ನೋಡುವ ವ್ಯವಧಾನ ಅವರಿಗಿರಲಿಲ್ಲ.

"ಸಿಕ್ಕಿಬಿದ್ದೆಯಲ್ಲಮ್ಮ."

ಅಮೃತ ತಲೆ ತಗ್ಗಿಸಿದಳು. ಅಳಲಿಲ್ಲ. ಅದೂ ಒಂದು ನಾಟಕವೇ ಇರಬೇಕು ಅಂದುಕೊಂಡರು.

ಸ್ಕೂಲು ಬಿಟ್ಟ ಮೇಲೆ ಹಾಳೆ ಜೇಬಿಗಿಟ್ಟುಕೊಂಡು, ಇವಳ ಬಂಡವಾಳ ಮನೆಯವರಿಗೂ ತಿಳಿಯಲಿ ಎಂದು ಹಿಪ್ಪುನೇರಳೆ ತೋಟದ ದಾರಿ ಹಿಡಿದರು. ಹುಡುಗಿಯನ್ನು ಸಾಕಿರುವ ಅಜ್ಜಿ ಕೊಂಡಮ್ಮ ಸೊಪ್ಪಿನ ಹೊರೆ ಇಳಿಸುತ್ತಿದ್ದವಳು, ಓಡಿಬಂದು ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಂತ್ಕಳಿ ಸಾ, ಒಳಿಕ್ ಬರ್ಬ್ಯಾಡಿ. ಹುಳ ಹಣ್ಣಾಗೋ ಹೊತ್ತು, ಇನ್ನೇನ್ ಗೂಡು ಕಟ್ತವೆ."

ಅವಳ ಹೆಗಲ ಮೇಲಿಂದ ಮೇಷ್ಟ್ರಿಗೆ ಒಳಗೆ ಕಂಡಿತು. ಸಾಲುಸಾಲು ಅಟ್ಟಣೆಗಳ ತುಂಬ ಬೆರಳಿನಷ್ಟು ದಪ್ಪದ ರೇಷ್ಮೆ ಹುಳ, ಸೊಪ್ಪು ತಿನ್ನುವ ಸದ್ದು ಬಾಗಿಲಿಗೇ ಕೇಳುತ್ತಿತ್ತು.

"ಬೆಳೆ ಬಲು ಚೆನ್ನಾಗಿದೆಯಲ್ಲಮ್ಮ!"

"ಥೂ ಥೂ, ಏನೋ ಸಾ! ಏನ್ ಚೆಂದ? ಅರ್ಧಕ್ಕರ್ಧ ಹೋಗ್ಬುಟ್ಟವೆ."

ಅಜ್ಜಿಯೂ ಕಣ್ಣೆದುರೇ ಸುಳ್ಳು ಹೇಳುತ್ತಾಳೆ, ವಂಶವೇ ಇಂಥದ್ದು ಎಂದುಕೊಂಡು ಮೇಷ್ಟ್ರು ಹಾಳೆ ತೆಗೆದರು. "ನೋಡಿ, ನಿಮ್ಮ ಮೊಮ್ಮಗಳು. ಹತ್ತಕ್ಕೆ ಹತ್ತೂ ತಪ್ಪು."

ಕೊಂಡಮ್ಮನ ಮುಖ ಅರಳಿತು.

"ಸದ್ಯ! ಹೋದ್ವಾರ ಇಸ್ಕೂಲಲ್ಲಿ ಎಲ್ಲಾರ್ ಮುಂದೆ ಹೊಗಳಿಸ್ಕಂಡ್ ಬಂದು ಮೂರ್ ದಿನ ಮೈ ಸುಡ್ತಿತ್ತು ಸಾ ಕೂಸಿಗೆ. ದಿಷ್ಟಿ ಬಿದ್ದಿತ್ತು. ಅದ್ಕೇ ನಾನೇ ಹೇಳ್ದೆ, ಇನ್ಮ್ಯಾಗೆ ಎಲ್ಲಾ ಸರೀಗ್ ಬರೀಬ್ಯಾಡ ಕಣೇ, ಒಸಿ ಕಮ್ಮಿ ಬರಿ ಅಂತ."

ಮೇಷ್ಟ್ರು ಹಾಳೆಯನ್ನು ಮತ್ತೆ ಬಿಡಿಸಿದರು. ಇಪ್ಪತ್ತೇಳು ಮೂವತ್ತಾರಲ ಒಂಬೈನೂರ ಎಪ್ಪತ್ತೆರಡು. ಹುಡುಗಿ ಬರೆದದ್ದು ಎಪ್ಪತ್ತೊಂದು. ಕೆಳಗಿನದು ಸಾವಿರದ ಇನ್ನೂರ ನಲವತ್ತೆಂಟು ಆಗಬೇಕಿತ್ತು, ನಲವತ್ತೇಳು ಎಂದಿತ್ತು. ಅದರ ಕೆಳಗಿನದೂ. ಕೊನೆಯವರೆಗೂ ಒಂದೊಂದೇ ಕಡಿಮೆ. ಅದರ ಮೇಲೆಲ್ಲ ತಮ್ಮದೇ ಕೆಂಪು ಗೆರೆ. ಹಾಳೆಯನ್ನು ಮಡಚಿ ಜೇಬಿಗೆ ತುರುಕಿದರು. ಅಮೃತ ಬಾಗಿಲ ಮರೆಯಲ್ಲಿ ನಿಂತು ಅವರನ್ನೇ ನೋಡುತ್ತಿದ್ದಳು.

ಹೆಗಲ ಚೀಲದಲ್ಲಿದ್ದ, ಇನ್ನೂ ಹೆಸರು ತುಂಬದ ಅರ್ಜಿ ತೆಗೆದರು. "ವಸತಿ ಶಾಲೆ ಪರೀಕ್ಷೆ ಬರಿಯೋಕೆ ಇದು. ಒಂದು ಸೈನ್ ಹಾಕಿಕೊಡಿ."

ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡಳು. "ಯಾಕ್ ಸಾ? ಬಲು ಚೆನ್ನಾಗಿ ಓದ್ತಾಳೆ ಅಂತ ಮತ್ತೆ ಎಲ್ಲಾರ್ಗೂ ಸಾರೋಕಾ?"

ಮೇಷ್ಟ್ರು ಒಳಗಿನ ಹುಳಗಳನ್ನು ನೋಡಿದರು, ಹುಡುಗಿಯನ್ನು ನೋಡಿದರು.

"ಥೂ ಥೂ. ಏನ್ ಓದ್ತಾಳೆ ಬಿಡಿ. ಏನೋ ಪರವಾಗಿಲ್ಲ, ಅಷ್ಟೆ."

ಕೊಂಡಮ್ಮ ಸೊಪ್ಪಿನ ಹಾಲು ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದಳು.