ಏಳು ಸಾವಿರ ಆನೆಗಳ ಪಾಠ

ಹಂಪಿ ಬೀಳುವ ಕಾಲಕ್ಕೆ ನುಗ್ಗಿ ಬಂದ ಏಳು ಸಾವಿರ ಆನೆಗಳನ್ನು ಪಕ್ಕದ ಕಡ್ಡಿರಾಂಪುರದ ಒಬ್ಬನೇ ಒಬ್ಬ ಮನುಷ್ಯ, ಒಂದು ಸಲಿಕೆ ಹಿಡಿದು, ಮಧ್ಯಾಹ್ನದ ರೊಟ್ಟಿ ಆರುವುದರೊಳಗೆ ಮುಳುಗಿಸಿಬಿಟ್ಟ. ಅವನ ಹೆಸರು ಹಿರೇ ಎರ್ರಿಯಪ್ಪ. ಕಾಲುವೆಯ ಒಡ್ಡು ಒಡೆದು ಗದ್ದೆಗೆ ನೀರು ಬಿಟ್ಟನಂತೆ. ಆನೆಗಳು ಕೆಸರಿನಲ್ಲಿ ಇಳಿದೂ ಇಳಿದೂ ಕೊನೆಗೆ ಕಿವಿ ಮಾತ್ರ ಮೇಲುಳಿದವಂತೆ. ಮರುದಿನ ಊಟಕ್ಕೆ ಎಲೆ ಕೊಯ್ಯಲು ಬಂದ ಹೆಂಗಸರು ಬಾಳೆ ಎಲೆಯೆಂದು ಆ ಕಿವಿಗಳನ್ನು ಹಿಡಿದೆಳೆದರೆ, ಕೆಸರೇ ಘೀಳಿಟ್ಟಿತಂತೆ.

ಇದಕ್ಕೆ ಸಾಕ್ಷಿ ಯಾರು? ಅವನ ವಂಶದ ಕುಡಿ, ಹಂಪಿಯ ಗೈಡ್ ಎರ್ರಿಯಪ್ಪ. ಇವನ ಬಾಯಿಯ ಮುಂದೆ ತುಂಗಭದ್ರೆಯ ಮಹಾಪೂರವೂ ಒಂದು ಚರಿಗೆ ನೀರು. ಇವನು ಕಥೆ ಹೇಳಲು ನಿಂತರೆ ಕಂಬದ ಮೇಲಿನ ಕಲ್ಲು ಕುದುರೆಗಳು ಕಿವಿ ನಿಮಿರಿಸುತ್ತಿದ್ದವು. ಅನುಮಾನವಿದ್ದರೆ ಹೋಗಿ ನೋಡಿ, ಇನ್ನೂ ನಿಮಿರಿಯೇ ಇವೆ.

ಆನೆಗಳು ಯಾರವು ಎಂಬುದೊಂದನ್ನು ಮಾತ್ರ ಎರ್ರಿಯಪ್ಪ ಕಾರಿನ ಮುಂದಿನ ಬಾವುಟ ನೋಡಿ ತೀರ್ಮಾನಿಸುತ್ತಿದ್ದ. ಒಂದು ಪಕ್ಷದವರು ಬಂದರೆ ಹೊರಗಿನ ಸುಲ್ತಾನರ ಆನೆಗಳು. ಇನ್ನೊಂದು ಪಕ್ಷದವರು ಬಂದರೆ ಬಡವರ ಪೈರು ತುಳಿಯಲು ಅರಮನೆಯವರೇ ಬಿಟ್ಟ ಆನೆಗಳು. ಬಾವುಟವಿಲ್ಲದ ಕಾರಿನವರಿಗೆ ಬರೀ ಕಾಡಾನೆಗಳು. ಎಲ್ಲರೂ ತಲೆದೂಗಿ, ಚಹಾ ಕುಡಿಸಿ ಹೋಗುತ್ತಿದ್ದರು.

ಅವನ ಕಥೆಯನ್ನು ಸರಿಯಾಗಿ ಬಳಸಿಕೊಂಡವರು ಊರ ಹೈಸ್ಕೂಲಿನ ಹೇಮಾವತಿ ಟೀಚರ್ ಒಬ್ಬರೇ. ಸರಕಾರ ಬದಲಾದಾಗೆಲ್ಲ ಇತಿಹಾಸದ ಪುಸ್ತಕ ಬದಲಾಗಿ, ಪಾಪ, ಒಂದೇ ಯುದ್ಧವನ್ನು ಅವರು ಮಕ್ಕಳ ಮುಂದೆ ಮೂರು ಬೇರೆ ಬೇರೆ ಕಾರಣಕ್ಕೆ ಸೋತಿದ್ದರು. ಹಾಗಾಗಿ ವರ್ಷಕ್ಕೊಮ್ಮೆ ಮಕ್ಕಳನ್ನು ಎರ್ರಿಯಪ್ಪನ ಮುಂದೆ ಕೂರಿಸಿ ಆನೆಯ ಕಥೆ ಹೇಳಿಸುತ್ತಿದ್ದರು. ಮುಗಿದ ಮೇಲೆ, ಹೂಂ, ಈಗ ಕೇಳ್ರಿ ಅನ್ನುತ್ತಿದ್ದರು. ಮಕ್ಕಳು ಶುರು ಹಚ್ಚುತ್ತಿದ್ದವು: ನೋಡಿದವರು ಯಾರು, ಬರೆದಿಟ್ಟವರು ಯಾರು, ಅಷ್ಟು ಆನೆಗಳ ಎಲುಬು ಎಲ್ಲಿ? ಎರ್ರಿಯಪ್ಪ ಒಂದು ಸುಳ್ಳಿನ ಮೇಲೆ ಹತ್ತು ಸುಳ್ಳು ಪೇರಿಸಿ, ಕೊನೆಗೆ ಎಲ್ಲವೂ ಕುಸಿದು, ಮಕ್ಕಳು ಹೊಟ್ಟೆ ಹಿಡಿದು ನಗುವಾಗ ತಾನೂ ನಗುತ್ತಿದ್ದ. ಆ ಸೋಲಿನಲ್ಲಿ ಅವನಿಗೊಂದು ಸುಖವಿತ್ತು. ಹುಡುಗರನ್ನು ಇಷ್ಟು ಚೂಪು ಮಾಡುವ ಟೀಚರ್ ಏಳು ಜಿಲ್ಲೆಯಲ್ಲಿ ಇಲ್ಲ ಎಂದು ಹೆಂಡತಿ ತಾಯಕ್ಕನ ಮುಂದೆ ಹೊಗಳುತ್ತಿದ್ದ. ನಿನ್ನ ಸುಳ್ಳು ಹಿಡಿಯಾಕ ಅಷ್ಟು ಓದಬೇಕೇನು ಎಂದು ತಾಯಕ್ಕ ರೊಟ್ಟಿ ತಟ್ಟುತ್ತಿದ್ದಳು.

ಈ ಸಲ ಸರಕಾರ ಬದಲಾದಾಗ ಹೊಸಪೇಟೆಯ ಶಂಭುಲಿಂಗ ಪಠ್ಯಪುಸ್ತಕ ಸಮಿತಿಗೆ ಸದಸ್ಯರಾದರು. ಅಕ್ಕಿ ಗಿರಣಿಯ ಮಾಲೀಕರು, ಪಕ್ಷದ ಹಿರಿಯರು. ಹೊಸ ಪಾಠಕ್ಕೆ ಈ ಸೀಮೆಯ ವೀರನೊಬ್ಬ ಬೇಕಿತ್ತು. ಎರ್ರಿಯಪ್ಪನ ಕಥೆ ಕೇಳಿ ಅವರ ಕಣ್ಣು ಅರಳಿತು. ಒಂಬತ್ತನೇ ತರಗತಿಗೆ ಹಿರೇ ಎರ್ರಿಯಪ್ಪನ ಪಾಠ, ಹೊಸಪೇಟೆಯ ಸರ್ಕಲ್ಲಿನಲ್ಲಿ ಸಲಿಕೆ ಹಿಡಿದ ಪ್ರತಿಮೆ. ವಂಶಸ್ಥರು ಕ್ಯಾಮೆರಾ ಮುಂದೆ ಒಮ್ಮೆ ಹೇಳಿಬಿಟ್ಟರೆ ಮುಗಿಯಿತು, ಅದೇ ಆಧಾರ ಎಂದರು.

ಕ್ಯಾಮೆರಾ ಬಂದ ದಿನ ಎರ್ರಿಯಪ್ಪ ನೆಲಕ್ಕೆ ಕಾಲಿಡಲಿಲ್ಲ, ಹೈಸ್ಕೂಲಿಗೆ ತೇಲಿಕೊಂಡೇ ಹೋದ. ತಲೆಗೆ ಸುತ್ತಿದ ರುಮಾಲು ಹೇಮಕೂಟದ ಗುಡ್ಡಕ್ಕಿಂತ ಒಂದು ಮೊಳ ಎತ್ತರ.

ಶಂಭುಲಿಂಗ ಮಕ್ಕಳು, ಮಾಸ್ತರರ ಮುಂದೆ ಪಾಠದ ಕರಡನ್ನು ಓದಿಸಿದರು. ಆನೆಗಳಿಗೆ ಈಗ ಒಬ್ಬರೇ ಒಡೆಯರು ನಿಕ್ಕಿಯಾಗಿದ್ದರು. ಕೊನೆಯಲ್ಲಿ ಪ್ರಶ್ನೆ: ಹಿರೇ ಎರ್ರಿಯಪ್ಪ ಮುಳುಗಿಸಿದ ಆನೆಗಳೆಷ್ಟು? ಉತ್ತರ, ಏಳು ಸಾವಿರ. ಒಂದು ಅಂಕ. ಈಗ ಯಾರಾದರೂ ನಗುತ್ತಾರೆ ಎಂದು ಎರ್ರಿಯಪ್ಪ ಕಾದ. ಯಾರೂ ನಗಲಿಲ್ಲ.

ಹೇಮಾವತಿ ಟೀಚರ್ ಎದ್ದು, ಇದನ್ನು ಬೇರೆ ಯಾರಾದರೂ ಎಲ್ಲಾದರೂ ಬರೆದಿದ್ದಾರೆಯೇ ಎಂದು ಕೇಳಿದರು. ಶಂಭುಲಿಂಗ ನಗುನಗುತ್ತಲೇ, ಗಡಿ ಕಡೆ ಎಷ್ಟೋ ಶಾಲೆಗಳಲ್ಲಿ ಟೀಚರೇ ಇಲ್ಲ, ಅಲ್ಲಿ ನಿಮ್ಮಂಥವರು ಭಾಳ ಬೇಕಾಗಿದ್ದಾರೆ ಎಂದರು. ಹೆಡ್‌ಮಾಸ್ತರರು ಕಣ್ಣಲ್ಲೇ ಕೂರಲು ಹೇಳಿದರು. ಟೀಚರ್ ಕೂರಲಿಲ್ಲ. ಏಳು ಸಾವಿರ ಆನೆಗಳಿಗೆ ಎದುರು ನಿಂತವರನ್ನು ಎರ್ರಿಯಪ್ಪ ಕಣ್ಣಾರೆ ಕಂಡದ್ದು ಅಂದೇ ಮೊದಲು, ಆಕೆಯ ಕೈಯಲ್ಲಿ ಸಲಿಕೆ ಕೂಡ ಇರಲಿಲ್ಲ.

"ಎರ್ರಿಯಪ್ಪಣ್ಣ," ಎಂದರು ಟೀಚರ್, "ಇನ್ನು ಮ್ಯಾಲ ಈ ಕಥಿಗೆ ನಕ್ಕ ಹುಡುಗ್ರಿಗೆ ನಾನು ಮಾರ್ಕ್ಸ್ ಕಳೀಬೇಕು. ನೀನ ಹೇಳು, ಕಳೀಲೇನು?"

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಎರ್ರಿಯಪ್ಪ ಬಾಯಿ ತೆರೆದ. ಆದರೆ ಕಣ್ಣು ಕ್ಯಾಮೆರಾ ಬಿಟ್ಟು ಟೀಚರ್ ಕಡೆಗೇ ಹೋಯಿತು.

"ನಿಮ್ಮ ಮನೆತನ ಮೊದಲಿನಿಂದ ಇಲ್ಲೀದೇ ಅಲ್ಲೇನು?" ಶಂಭುಲಿಂಗ ದಾರಿ ತೋರಿಸಿದರು. "ಹೌದು ಅನ್ರಿ, ಸಾಕು."

ಎರ್ರಿಯಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

"ಇಲ್ರಿ ಧಣಿ. ಆ ಆನೆ ಕಥಿ ನಾನ ಕಟ್ಟಿದ್ದು, ಚಹಾದಂಗಡ್ಯಾಗ ಕುಂತು. ಹಿರೇ ಎರ್ರಿಯಪ್ಪ ಅಂತ ಯಾರೂ ಇದ್ದಿಲ್ಲ. ನಾವು ಬಂಡ್ರಿ ಕಡೆಯವರು. ನಮ್ಮಜ್ಜಿ ಡ್ಯಾಂ ಕಟ್ಟೋ ಕಾಲಕ್ಕ ಮಣ್ಣು ಹೊರಾಕ ಬಂದಾಕಿ, ಆಮ್ಯಾಲ ಈ ಕಡೆನ ನಿಂತಳು. ಹಂಪಿ ಬಿದ್ದ ದಿನ ನಮ್ಮವರು ಎಲ್ಲಿದ್ರು, ಏನ್ ಮಾಡ್ತಿದ್ರು, ಖರೇನ ನಂಗ ಗೊತ್ತಿಲ್ರಿ."