ಹಿಂದಿನ ಗೇಟು

"ನಿನ್ನ ಬ್ಲಾಕ್ ಯಾವುದು ಅಂತ ಕೇಳಿದ್ರೆ ಏನಂತೀಯ?" ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತ ಮೀಟರ್ ರೀಡರ್ ತನ್ನ ಮಗಳನ್ನು ಕೇಳಿದ.

"ಹಿಂದಿನದು ಅಂತೀನಿ."

"ರೂಮು?"

"ಅದನ್ನೆಲ್ಲ ಯಾರಪ್ಪಾ ಕೇಳ್ತಾರೆ? ಇವತ್ತು ಎಲ್ರಿಗೂ ಅವರವರ ಹೊಟ್ಟೆನೋವೇ ಸಾಕಾಗಿರುತ್ತೆ."

"ನಮ್ಮಾಫೀಸಿನ ಕ್ಯಾಷಿಯರ್ ಕೇಳ್ತಾರೆ. ಸಂಜೆ ಲೆಕ್ಕ ತಾಳೆ ಆಗದಿದ್ರೆ ಮನೆಗೇ ಹೋಗದ ಮನುಷ್ಯ ಅದು."

ಮಗಳು ಹೆಲ್ಮೆಟ್ ಕಳಚಿ ಸ್ಕೂಟರಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡಳು. ಕೈಯಲ್ಲಿ ಒಳಗಿರುವುದೆಲ್ಲ ಕಾಣುವಂಥ ಪ್ಲಾಸ್ಟಿಕ್ ಚೀಲ. ಅದರಲ್ಲಿ ಕಪ್ಪು ಪೆನ್ನುಗಳು, ನೀರಿನ ಬಾಟಲಿ. ಬಾಟಲಿಯ ಲೇಬಲ್ಲನ್ನು ಉಗುರಿನಿಂದ ಕೆರೆದು ತೆಗೆದಿದ್ದಳು. ಲೇಬಲ್ ಇರುವ ಬಾಟಲಿಯನ್ನು ಪರೀಕ್ಷೆಯ ಹಾಲಿಗೆ ಬಿಡುವುದಿಲ್ಲವಂತೆ. ಹಾಲಿಗೇ ಹೋಗದವಳು ಹೋಗುವವರ ನಿಯಮವನ್ನು ಇಷ್ಟು ಶಿಸ್ತಿನಿಂದ ಪಾಲಿಸಿದ್ದನ್ನು ಕಂಡು ಅವನಿಗೆ ಸಮಾಧಾನವೂ ಆಯಿತು, ಇನ್ನೊಂದೇನೋ ಕೂಡ ಆಯಿತು. ಆ ಇನ್ನೊಂದರ ಕಡೆಗೆ ಅವನು ತಿರುಗಿ ನೋಡಲಿಲ್ಲ.

ತಪ್ಪು ಶುರುವಾದದ್ದು ಸಿಹಿಯಿಂದ. ಮಗಳಿಗೆ ಪಿ.ಯು.ಸಿ.ಯಲ್ಲಿ ಫಸ್ಟ್ ಕ್ಲಾಸ್ ಬಂತೆಂದು ತಿಳಿದ ದಿನವೇ ಅವನು ನೀರು ಸರಬರಾಜು ಆಫೀಸಿನ ಮೇಜುಮೇಜಿಗೆ ಸಿಹಿ ಹಂಚಿದ. "ಮುಂದೇನು ಮೀಟ್ರಣ್ಣ?" ಎಂದು ಸೂಪರಿಂಟೆಂಡೆಂಟ್ ಕೇಳಿದಾಗ, "ಇಂಜಿನಿಯರಿಂಗೇ ಸಾರ್, ಇನ್ನೇನು" ಎಂದ. "ಹಂಗಾದ್ರೆ ಇನ್ಮೇಲೆ ಪೈಪ್ ಒಡೆದ್ರೆ ನಿನ್ನ ಮಗಳನ್ನೇ ಕರೆಸೋಣ ಬಿಡು. ಈಗಿರೋ ಇಂಜಿನಿಯರ್ ಅಂತೂ ಬರಲ್ಲ" ಎಂದರು ಸೂಪರಿಂಟೆಂಡೆಂಟ್. ಈಗಿರೋ ಇಂಜಿನಿಯರ್ ಸಮೇತ ಎಲ್ಲರೂ ನಕ್ಕರು. ಇಪ್ಪತ್ತು ವರ್ಷದಲ್ಲಿ ಆ ಆಫೀಸಿನವರು ಅವನ ಮಾತು ಎತ್ತಿಕೊಂಡು ನಕ್ಕದ್ದು, ಅದೂ ಅವನ ಜೊತೆಗೇ ನಕ್ಕದ್ದು, ಅದೇ ಮೊದಲು.

ಮರುದಿನ ಕಂಪ್ಯೂಟರ್ ಅಂಗಡಿಯ ಹುಡುಗಿ ಪ್ರವೇಶ ಪರೀಕ್ಷೆಯ ಅರ್ಜಿಯಲ್ಲಿ ಅಂಕಗಳನ್ನು ತುಂಬಿಸಿ ಒತ್ತಿದಳು, ಮತ್ತೊಮ್ಮೆ ಒತ್ತಿದಳು. "ಅರ್ಹತೆ ಇಲ್ಲ ಅಂತ ಬರ್ತಿದೆ ಅಂಕಲ್. ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಮೂರೂ ಸೇರಿ ನೂರಕ್ಕೆ ನಲವತ್ತೈದು ಇರ್ಬೇಕು. ಇವರದ್ದು ನಲವತ್ತೆರಡು."

"ಅಲ್ಲಮ್ಮಾ, ಅವಳಿಗೆ ಫಸ್ಟ್ ಕ್ಲಾಸ್ ಬಂದಿದೆ!"

"ಭಾಷೆಯ ಅಂಕ ಲೆಕ್ಕಕ್ಕೆ ತಗೊಳಲ್ಲ ಅಂಕಲ್."

ಎರಡು ಭಾಷೆಗಳು ಸೇರಿ ಅವಳನ್ನು ಹೆಗಲ ಮೇಲೆ ಹೊತ್ತು ಫಸ್ಟ್ ಕ್ಲಾಸಿನ ಹೊಸ್ತಿಲು ದಾಟಿಸಿದ್ದವು. ಪ್ರವೇಶ ಪರೀಕ್ಷೆಯವರು ಹೊತ್ತು ತಂದವರನ್ನು ಹೊರಗೇ ನಿಲ್ಲಿಸಿ, ನಡೆಯಲು ಬರುತ್ತದೆಯೇ ಎಂದು ಇವಳನ್ನಷ್ಟೇ ಕೇಳುತ್ತಿದ್ದರು. ದಾರಿಯಲ್ಲಿ "ನಂಗೇನೂ ಬೇಜಾರಿಲ್ಲಪ್ಪ" ಎಂದ ಮಗಳು ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ನೀರು ಪೋಲಾಗುವ ಸದ್ದು ಕೇಳಿದರೆ ಬೀದಿಯವರ ಬಾಗಿಲನ್ನೂ ಬಡಿಯುವ ಮನುಷ್ಯ ಅಂದು ಆ ಬಾಗಿಲನ್ನು ತಟ್ಟಲಿಲ್ಲ.

"ಆಫೀಸಲ್ಲಿ ಹೇಳಿಬಿಡ್ರೀ. ಯಾರು ನಿಮ್ಮನ್ನ ಗಲ್ಲಿಗೆ ಹಾಕ್ತಾರೆ?" ಎಂದಳು ಹೆಂಡತಿ. ಹೇಳಬೇಕೆಂದೇ ಅವನು ದಿನಾ ಹೋಗುತ್ತಿದ್ದ. ಅಷ್ಟರಲ್ಲಿ ಕ್ಯಾಷಿಯರ್, "ನನ್ನ ಮಗನೂ ಬರೀತಿದ್ದಾನೆ ಮೀಟ್ರಣ್ಣ. ಊರಿಗೆಲ್ಲ ಒಂದೇ ಸೆಂಟರು. ಒಟ್ಟಿಗೇ ಕಾಯೋಣ" ಎಂದು ಅವನ ಹೆಗಲ ಮೇಲೆ ಕೈ ಹಾಕಿದರು. ಕ್ಯಾಷಿಯರ್ ಹೆಗಲ ಮೇಲೆ ಕೈ ಹಾಕುವ ಪೈಕಿ ಅಲ್ಲ. ಆ ಕೈಯನ್ನು ಕೆಳಗಿಳಿಸುವ ಧೈರ್ಯ ಅವನಿಗಾಗಲಿಲ್ಲ. ಅಲ್ಲಿಯವರೆಗೆ ಕೂತಲ್ಲೇ ಕೂತಿದ್ದ ಸುಳ್ಳು ಅಂದು ಎದ್ದು ಓಡಾಡಲು ಕಲಿಯಿತು.

ಪರೀಕ್ಷೆ ನಡೆಯುವ ಕಾಲೇಜಿನ ನೀರಿನ ಮೀಟರು ಹಿಂದಿನ ಗೇಟಿನ ಪಕ್ಕದಲ್ಲಿತ್ತು. ಆ ಗೇಟು ಆಟದ ಮೈದಾನಕ್ಕೆ ತೆರೆಯುತ್ತಿತ್ತು, ತಡೆಯುವವರು ಇರುತ್ತಿರಲಿಲ್ಲ. ಅಲ್ಲಿಂದ ಒಳಹೋಗಿ ಮೆಟ್ಟಿಲ ಮೇಲೆ ಕೂತಿದ್ದು, ಬೆಲ್ ಆದಾಗ ಎಲ್ಲರ ಜೊತೆ ಮುಂದಿನ ಗೇಟಿನಿಂದ ಹೊರಗೆ ಬಂದರಾಯಿತು. ಅವನು ಇದನ್ನು ವಿವರಿಸಿದಾಗ ಮಗಳು ಅವನ ಮುಖವನ್ನೇ ನೋಡಿದಳು. "ಆಯ್ತಪ್ಪ" ಎಂದಳು.

ಗೇಟಿನ ಮುಂದೆ ಅಪ್ಪ ಅಮ್ಮಂದಿರು ಮಕ್ಕಳಿಗಿಂತ ಹೆಚ್ಚು ಬೆವರುತ್ತಿದ್ದರು. ಕ್ಯಾಷಿಯರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಷ್ಟೇ ಇಸ್ತ್ರಿ ಮಾಡಿದಂತಿದ್ದ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು.

"ಬಾಮ್ಮ ಬಾ, ನಮ್ಮ ಆಫೀಸಿನ ಇಂಜಿನಿಯರಮ್ಮ!" ಎಂದರು. "ಇವನಿಗೊಂಚೂರು ಧೈರ್ಯ ಹೇಳು. ಬೆಳಿಗ್ಗೆಯಿಂದ ಒಂದು ತುತ್ತು ಒಳಗೆ ಹೋಗಿಲ್ಲ."

"ಅಪ್ಪಾ..." ಎಂದ ಮಗ, ಹಲ್ಲು ಕಚ್ಚಿ.

"ಏನಿಲ್ಲ ಕಣೋ. ಬೆಳಿಗ್ಗೆ ಗಣಿತ, ಊಟ ಆದ್ಮೇಲೆ ಉಳಿದೆರಡು. ಒಂದೊಂದಕ್ಕೆ ನಾಲ್ಕು ಉತ್ತರ ಅವರೇ ಕೊಟ್ಟಿರ್ತಾರೆ, ಸರಿಯಾದ್ದಕ್ಕೆ ಶಾಯಿ ತುಂಬೋದು. ನಮ್ಮ ಕಾಲದಲ್ಲಿ ಉತ್ತರ ನಾವೇ ತರಬೇಕಿತ್ತು."

"ತಪ್ಪಾದ್ರೆ ಅಂಕ ಕಳೀತಾರಂತಲ್ಲ ಸಾರ್" ಎಂದ ಮೀಟರ್ ರೀಡರ್. ಏನಾದರೂ ಹೇಳಬೇಕಿತ್ತು.

"ಕಳೀತಾರೆ, ಕಳೀತಾರೆ. ನೋಡಿ ಮೀಟ್ರಣ್ಣ, ನಿಮ್ಮ ಮೀಟರೇ ವಾಸಿ. ಜನ ಏನು ತಿಪ್ಪರಲಾಗ ಹಾಕಿದ್ರೂ ಹಿಂದಕ್ಕೆ ಓಡಲ್ಲ. ಇವರದ್ದು ಓಡುತ್ತೆ!"

ಸುತ್ತಲಿದ್ದವರೂ ನಕ್ಕರು. ಮೀಟರ್ ರೀಡರ್ ಎಲ್ಲರಿಗಿಂತ ಸ್ವಲ್ಪ ಜಾಸ್ತಿಯೇ ನಕ್ಕ. ಬೆಲ್ ಆಯಿತು. ಹುಡುಗ ಸಾಲಿನಲ್ಲಿ ಕರಗಿದ. "ನಂದು ಹಿಂದಿನ ಬ್ಲಾಕ್ ಅಂಕಲ್" ಎಂದು ಹೇಳಿ ಮಗಳು ಕಾಂಪೌಂಡ್ ಗೋಡೆಯ ಪಕ್ಕದಲ್ಲೇ ನಡೆದು ತಿರುವಿನಲ್ಲಿ ಮರೆಯಾದಳು. ಕ್ಯಾಷಿಯರ್ ರೂಮು ಕೇಳಲಿಲ್ಲ.

ಇಬ್ಬರೂ ಮೋರಿಯ ಕಟ್ಟೆಯ ಮೇಲೆ ಕೂತರು. ಒಬ್ಬ ತಾಯಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಒಬ್ಬ ಅಪ್ಪ ಫೋನಿನಲ್ಲಿ ಯಾರಿಗೋ ಜಮೀನಿನ ಗಡಿ ವಿವರಿಸುತ್ತಿದ್ದ. ಕ್ಯಾಷಿಯರ್ ಆಫೀಸಿನಲ್ಲಿ ಗಾಜಿನ ಹಿಂದಿನಿಂದ ಎರಡು ಮಾತಿಗಿಂತ ಹೆಚ್ಚು ಆಡಿದವರಲ್ಲ. ಇಲ್ಲಿ ಗಾಜಿರಲಿಲ್ಲ. ಮಗ ನಿದ್ದೆಯಲ್ಲಿ ಸೂತ್ರ ಗೊಣಗುವುದು, ತಮಗೆ ಬಿ.ಪಿ. ಶುರುವಾದದ್ದು, ಎಲ್ಲ ಹೇಳಿದರು. "ನಿಮ್ಮನ್ನ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ ಮೀಟ್ರಣ್ಣ. ಎಷ್ಟು ನಿಶ್ಚಿಂತೆಯಾಗಿದ್ದೀರಿ! ನನಗೆ ನೋಡಿ, ಅಂಗೈ ಒದ್ದೆ." ಅವರು ನಿಜವಾಗಿಯೂ ಅಂಗೈ ಬಿಡಿಸಿ ತೋರಿಸಿದರು. ಒದ್ದೆಯಾಗಿತ್ತು. ಮೀಟರ್ ರೀಡರ್ ತನ್ನ ಒಣಗಿದ ಅಂಗೈಗಳನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿಕೊಂಡ.

ಮಧ್ಯಾಹ್ನದ ಬೆಲ್ಲಿಗೆ ಮಕ್ಕಳು ಗದ್ದಲ ಮಾಡುತ್ತ ಹೊರಬಿದ್ದರು. ಅವರ ನಡುವೆ ಮಗಳು ಬಂದಳು. ಬೇಡವೆಂದರೂ ಅವನ ಕಣ್ಣು ಅವಳ ಲಂಗದ ಹಿಂಬದಿಗೆ ಹೋಯಿತು. ಮೆಟ್ಟಿಲ ಧೂಳು ಅಂಟಿತ್ತು. ಕ್ಯಾಷಿಯರ ಮಗ ಎಲ್ಲರಿಗಿಂತ ಕೊನೆಗೆ ಬಂದ. ಬಂದವನು ಕಟ್ಟೆಯ ಮೇಲೆ ಕೂತು ಮೊಣಕಾಲುಗಳ ನಡುವೆ ತಲೆ ಹುದುಗಿಸಿಬಿಟ್ಟ.

"ಏನಾಯ್ತೋ ಮರಿ?"

ಹುಡುಗ ತಲೆಯೆತ್ತದೆಯೇ ಹೇಳಿದ. ಯಾವುದೋ ಒಂದು ಪ್ರಶ್ನೆ ಗೊತ್ತಿಲ್ಲವೆಂದು ಬಿಟ್ಟಿದ್ದ. ಆದರೆ ಉತ್ತರದ ಹಾಳೆಯಲ್ಲಿ ಅದರ ಸಾಲನ್ನು ಖಾಲಿ ಬಿಡಲು ಮರೆತಿದ್ದ. ಅಲ್ಲಿಂದ ಮುಂದೆ ಪ್ರತಿ ಉತ್ತರವೂ ಒಂದೊಂದು ಸಾಲು ಮೇಲಕ್ಕೆ ಹೋಗಿ ಕೂತಿತ್ತು. ಗೊತ್ತಾಗುವ ಹೊತ್ತಿಗೆ ಹಾಳೆ ಇಸಿದುಕೊಳ್ಳುತ್ತಿದ್ದರು. ಶಾಯಿ ಬೇರೆ, ಅಳಿಸುವಂತಿಲ್ಲ.

"ನಾನು ಮಧ್ಯಾಹ್ನ ಹೋಗಲ್ಲ."

"ಇನ್ನೆರಡು ಸಬ್ಜೆಕ್ಟ್ ಇದೆಯಲ್ಲೋ ಕಂದ..."

"ಹೋಗಲ್ಲ ಅಂದೆ. ಏನೂ ಪ್ರಯೋಜನ ಇಲ್ಲ."

ಕ್ಯಾಷಿಯರ್ ಊಟದ ಡಬ್ಬಿಯ ಮುಚ್ಚಳ ತೆಗೆದು ಕಟ್ಟೆಯ ಮೇಲಿಟ್ಟರು. ಆಮೇಲೆ ಹುಡುಗಿಯ ಕಡೆ ತಿರುಗಿದರು. ತಾಳೆಯಾಗದ ಲೆಕ್ಕದ ಮುಂದೆ ಕೂತಾಗಲೂ ಆ ಮುಖದಲ್ಲಿ ಇಂಥ ದೈನ್ಯ ಇರುತ್ತಿರಲಿಲ್ಲ. "ನೀನಾದ್ರೂ ಹೇಳಮ್ಮ. ನಿನಗೂ ಕಷ್ಟವಾಗಿರ್ಬೇಕಲ್ಲ? ಅವನು ನನ್ನ ಮಾತು ಕೇಳಲ್ಲ. ನಿಂಗೂ ಕಷ್ಟ ಇತ್ತು ಅಂದ್ರೆ ಕೇಳ್ತಾನೆ."

"ಕಷ್ಟ ಇತ್ತು ಅಂತ ಹೇಳು" ಎಂದ ಮೀಟರ್ ರೀಡರ್ ಅವಸರದಿಂದ. "ಬಹಳ ಕಷ್ಟ ಇತ್ತಂತೆ ಸಾರ್. ಬಂದ ತಕ್ಷಣ ನಂಗೆ ಹೇಳಿದ್ಲು."

ಅವಳು ಬಂದ ಮೇಲೆ ಒಂದು ಮಾತೂ ಆಡಿರಲಿಲ್ಲ. ಅಪ್ಪನನ್ನು ಒಮ್ಮೆ ನೋಡಿದಳು. ಹುಡುಗ ತಲೆಯೆತ್ತಿ, ಮೂಗು ಒರೆಸಿಕೊಂಡು, "ಮೊದಲನೇದಕ್ಕೆ ಏನು ಹಾಕಿದೆ?" ಎಂದು ಕೇಳಿದ.

ಮಗಳು ಹೋಗಿ ಅವನ ಪಕ್ಕದಲ್ಲಿ ಕೂತಳು.

"ನಾನು ಒಳಗೇ ಹೋಗಿಲ್ಲ ಕಣೋ" ಎಂದಳು. "ನಂಗೆ ಬರೆಯೋಕೇ ಬಿಟ್ಟಿಲ್ಲ. ಮೂರು ಸಬ್ಜೆಕ್ಟ್ ಸೇರಿ ನಲವತ್ತೈದು ಬರ್ಲಿಲ್ಲ. ಬೆಳಿಗ್ಗೆಯಿಂದ ಮೈದಾನದ ಮೆಟ್ಟಿಲ ಮೇಲೆ ಕೂತಿದ್ದೆ. ಒಂದು ನಾಯಿ ಬಂದಿತ್ತು, ಅದರ ಜೊತೆ." ಅವನ ಕಡೆ ತಿರುಗಿದಳು. "ನಿಂಗೆ ಒಂದು ಸಾಲು ತಪ್ಪಿದೆ ಅಷ್ಟೇ. ಮಧ್ಯಾಹ್ನ ಬೇರೆ ಹಾಳೆ ಕೊಡ್ತಾರಲ್ಲ. ಹೋಗೋ."

ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದು ಬಿಡುವುದಿಲ್ಲ. ಬಿಟ್ಟರೂ ಮೀಟರ್ ರೀಡರ್ ಕೂತಿದ್ದ ಕಟ್ಟೆಯ ಕೆಳಗೆ ಮೋರಿಯಿತ್ತು. ಅವನು ತನ್ನ ಚಪ್ಪಲಿಯ ಪಟ್ಟಿಯನ್ನು ನೋಡುತ್ತ, "ಅದು ಏನಾಯ್ತಂದ್ರೆ ಸಾರ್..." ಎಂದ.

"ಊಟ ಮಾಡಿ ಮೀಟ್ರಣ್ಣ, ಆರಿಹೋಗುತ್ತೆ" ಎಂದರು ಕ್ಯಾಷಿಯರ್. ಅವನ ಕಡೆ ನೋಡದೆ ತಮ್ಮ ಡಬ್ಬಿಯ ಅರ್ಧವನ್ನು ಮುಚ್ಚಳಕ್ಕೆ ಹಾಕಿ ಅವನ ಮುಂದೆ ಸರಿಸಿದರು. ಒಂದು ಮಾತು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವರು ಬೈಯಲಿಲ್ಲ; ನೀರು ಬೇಕೇ ಎಂದರು.

ಬೆಲ್ ಆದಾಗ ಹುಡುಗ ಎದ್ದ. ಹುಡುಗಿ ತನ್ನ ಚೀಲದಿಂದ ಒಂದು ಪೆನ್ನು ತೆಗೆದು ಕೊಟ್ಟಳು. "ಇದರಲ್ಲಿ ತುಂಬು. ಹೊಸದು, ಇನ್ನೂ ಒಂದಕ್ಷರ ಬರೆದಿಲ್ಲ" ಎಂದಳು. ಹುಡುಗನಿಗೆ ಅಳುವಿನ ನಡುವೆಯೇ ನಗು ಬಂತು. ಅವನು ಹೋದ.

ಮಧ್ಯಾಹ್ನವೆಲ್ಲ ಮೂವರೂ ಕಟ್ಟೆಯ ಮೇಲಿದ್ದರು: ಈ ಕಡೆ ಅಪ್ಪ, ಆ ಕಡೆ ಕ್ಯಾಷಿಯರ್, ನಡುವೆ ಹುಡುಗಿ. ಈಗ ಅಡಗಿಕೊಳ್ಳುವುದಕ್ಕೆ ಕಾರಣವಿರಲಿಲ್ಲವಾದ್ದರಿಂದ ಅವಳು ಕಾಲಾಡಿಸುತ್ತ ಆರಾಮಾಗಿ ಕೂತಿದ್ದಳು. "ಮುಂದೆ ಏನು ಓದ್ತೀಯಮ್ಮ?" ಎಂದರು ಕ್ಯಾಷಿಯರ್. "ಭಾಷೇನೇ ಓದೋಣ ಅಂತಿದ್ದೀನಿ ಅಂಕಲ್. ಅದೊಂದೇ ನನ್ನ ಕೈ ಬಿಟ್ಟಿಲ್ಲ." ಕ್ಯಾಷಿಯರ್ ಒಳ್ಳೆಯದೆಂದರು. ಮಗಳು ಇದನ್ನು ಇದುವರೆಗೆ ತನಗೆ ಹೇಳಿರಲಿಲ್ಲ ಎಂಬುದು ಮೀಟರ್ ರೀಡರಿಗೆ ಹೊಳೆಯಿತು. ತಾನೇ ಕೇಳಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ನಾಳೆ ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರಿಗೂ ಹೇಳಿಬಿಡುತ್ತೇನೆ ಎಂದುಕೊಂಡ. ಅಂದುಕೊಂಡ ಕೂಡಲೇ ಎದೆ ಹಗುರಾಯಿತು.

ಆಗ ಕ್ಯಾಷಿಯರ ಫೋನು ಬಡಿದುಕೊಂಡಿತು. ಸೂಪರಿಂಟೆಂಡೆಂಟ್. ಕ್ಯಾಷಿಯರಿಗೆ ಕಿವಿ ಸ್ವಲ್ಪ ಮಂದ. ಸ್ಪೀಕರ್ ಹಾಕಿಯೇ ಮಾತಾಡುವವರು.

"ಏನ್ರೀ, ನಮ್ಮ ಮಕ್ಕಳು ಹೆಂಗೆ ಮಾಡ್ತಿದ್ದಾರೆ? ಇಡೀ ಆಫೀಸು ಕೆಲಸ ಬಿಟ್ಟು ಕೂತಿದೆ."

"ಅದೇನು ಹೊಸದಾ ಸಾರ್" ಎಂದರು ಕ್ಯಾಷಿಯರ್. ಆ ಕಡೆ ಐದಾರು ಜನ ನಕ್ಕರು. "ನಮ್ಮವನು ಒಳಗಿದ್ದಾನೆ."

"ಮೀಟ್ರಣ್ಣನ ಮಗಳು?"

ಕ್ಯಾಷಿಯರ್ ಸುಳ್ಳು ಹೇಳಲೂ ಇಲ್ಲ, ನಿಜ ಹೇಳಲೂ ಇಲ್ಲ. ಹುಡುಗಿಯ ಎದುರಿನಿಂದ ಕೈ ಚಾಚಿ, ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದರು.

"ಹಲೋ, ಮೀಟ್ರಣ್ಣ? ಮಗಳು ಹೆಂಗೆ ಬರೀತಿದ್ದಾಳಪ್ಪಾ?"

ಮಗಳು ಕಾಲಾಡಿಸುವುದನ್ನು ನಿಲ್ಲಿಸಿದಳು. ಫೋನಿನೊಳಗೆ ಫ್ಯಾನಿನ ಸದ್ದು, ಯಾರದೋ ಕೆಮ್ಮು, ಇಪ್ಪತ್ತು ವರ್ಷದ ಪರಿಚಯದ ಮೇಜುಗಳೆಲ್ಲ ಕಾಯುತ್ತಿದ್ದವು.

"ಅವಳಾ..." ಎಂದ. "ಒಳಗಿದ್ದಾಳೆ ಸಾರ್. ಚೆನ್ನಾಗಿ ಬರೀತಿದ್ದಾಳೆ."

ಆ ಕಡೆಯಿಂದ ಚಪ್ಪಾಳೆ ಕೇಳಿಸಿತು. ಕ್ಯಾಷಿಯರ್ ಫೋನನ್ನು ಜೇಬಿಗೆ ಹಾಕಿಕೊಂಡು ಗೇಟಿನ ಮೇಲಿನ ಕಾಲೇಜಿನ ಹೆಸರನ್ನು, ಅಕ್ಷರ ಕಲಿಯುವವರ ಹಾಗೆ, ನಿಧಾನವಾಗಿ ಓದತೊಡಗಿದರು.

ಮಗಳು ಕಟ್ಟೆಯಿಂದ ಇಳಿದು ಲಂಗ ಕೊಡವಿಕೊಂಡಳು. ಪಾರದರ್ಶಕ ಚೀಲವನ್ನು ಕೈಗೆ ತೆಗೆದುಕೊಂಡಳು.

"ಎಲ್ಲಿಗೆ?" ಎಂದ ಅಪ್ಪ.

"ಒಳಗೆ."

ಅವಳು ಗೋಡೆಯ ಪಕ್ಕದಲ್ಲೇ, ಬಿಸಿಲಿನಲ್ಲಿ, ಅವಸರವಿಲ್ಲದೆ ಹಿಂದಿನ ಗೇಟಿನ ಕಡೆಗೆ ನಡೆದು ಹೋದಳು. ತಿರುವಿನ ತನಕ ಅವನು ನೋಡಿದ; ಅವಳು ತಿರುಗಲಿಲ್ಲ. ಕಟ್ಟೆಯ ಮೇಲೆ ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಉಳಿದಿತ್ತು. ಮರದ ನೆರಳು ಸರಿಯಾಗಿ ಅಲ್ಲಿಗೇ ಬೀಳುತ್ತಿತ್ತು. ಕೊನೆಯ ಬೆಲ್ಲಿನ ತನಕ ಇಬ್ಬರೂ ಅತ್ತ ಇತ್ತ ಬಿಸಿಲಲ್ಲೇ ಕೂತಿದ್ದರು.