ಬೆಲೆ ಏರುವವರೆಗೆ

ಆಫೀಸಿನಲ್ಲಿ ಅವಳಿಗೆ ಲಾಂಗ್ ಟರ್ಮ್ ಮೇಡಂ ಎಂದೇ ಹೆಸರು. ಷೇರುಪೇಟೆ ಬಿದ್ದ ದಿನ ಸಹೋದ್ಯೋಗಿಗಳು ಮುಖ ಸಪ್ಪೆ ಮಾಡಿಕೊಂಡು ಅವಳ ಮೇಜಿನ ಸುತ್ತ ಸೇರುತ್ತಿದ್ದರು. ಅವಳು ಕಾಫಿ ಲೋಟ ಕೆಳಗಿಡದೆ, "ಸುಮ್ನೆ ಕೂತ್ಕೊಳ್ರಿ, ಗಿಡ ನೆಟ್ಟೋರು ದಿನಾ ಬೇರು ಕಿತ್ತು ನೋಡ್ತಾರಾ?" ಎಂದು ಗದರಿ ಕಳಿಸುತ್ತಿದ್ದಳು. ಅವಳ ಅಂದಾಜು ತಪ್ಪಿದ್ದೂ ಇಲ್ಲ. ಅದೇ ತಲೆಗೇರಿತ್ತು.

ಅಪ್ಪ ಅಚ್ಚುಕೂಟದ ಯಂತ್ರಗಳ ಗದ್ದಲದಲ್ಲೇ ಆಯುಸ್ಸು ಸವೆಸಿದವರು. ನಿವೃತ್ತಿಯ ಹಣವನ್ನು ಪೂರ್ತಿ ಮಗಳಿಗೆ ಒಪ್ಪಿಸಿ ನಿಶ್ಚಿಂತರಾಗಿದ್ದರು. ಅರ್ಧ ಇಲ್ಲಿಯ ಷೇರುಗಳಿಗೆ ಹೋಯಿತು, ಅರ್ಧ ವಿದೇಶಿ ಷೇರುಗಳ ಫಂಡಿಗೆ. ಕಿವಿ ಮಂದವಾಗತೊಡಗಿದಾಗ ಅವರು ಸಂಕೋಚದಿಂದಲೇ ಕೇಳಿದರು: "ಒಂದು ಕಿವಿ ಮಿಷನ್ ತಗೊಂಡ್ರೆ ಹೇಗಮ್ಮ? ತಡ ಮಾಡ್ಬೇಡಿ ಅಂದ್ರು ಡಾಕ್ಟ್ರು."

ಆಗ ಇಲ್ಲಿಯ ಪೇಟೆ ನೆಲಕಚ್ಚಿತ್ತು. "ಈಗ ಮಾರಿದ್ರೆ ಕೈಯಾರೆ ಕಳ್ಕೊಂಡ ಹಾಗೆ ಅಪ್ಪ. ಸ್ವಲ್ಪ ಏರಲಿ" ಎಂದಳು ಅವಳು. ಏರಿತು, ಇನ್ನಷ್ಟು ಏರಲಿ ಎಂದು ಕಾದಳು. ಮರುವರ್ಷ ಅವರು ಮತ್ತೆ ಕೇಳುವ ಹೊತ್ತಿಗೆ ವಿದೇಶದ ಪೇಟೆಗಳು ಕುಸಿದು, ಅದರ ಬೆನ್ನಿಗೇ ಇಲ್ಲಿಯದೂ ಜಾರಿತ್ತು. ಮತ್ತೆ ಅದೇ ಪಾಠ. ತನ್ನ ಸಂಬಳದಲ್ಲೇ ಕೊಡಿಸಬಹುದಿತ್ತು. ಆದರೆ ಸಂಬಳದಲ್ಲಿ ಉಳಿದಿದ್ದೆಲ್ಲ ಫಂಡಿಗೆ ಹೋಗುತ್ತಿತ್ತು. ಬಿದ್ದಾಗ ಕೊಳ್ಳುವುದೇ ಜಾಣತನವಲ್ಲವೇ?

ಅಪ್ಪ ಆಮೇಲೆ ಕೇಳಲಿಲ್ಲ. ಟಿವಿಯ ಸದ್ದು ಜೋರು ಮಾಡಿದರು, ಕೊನೆಗೆ ಟಿವಿ ಹಾಕುವುದನ್ನೇ ಬಿಟ್ಟರು. ಸದ್ಯ, ಮನೆ ತಣ್ಣಗಾಯಿತು ಎಂದುಕೊಂಡಿದ್ದಳು ಅವಳು. ಈಗ ಅದನ್ನು ನೆನೆದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತದೆ.

ಈ ವರ್ಷ ಎರಡೂ ಕಡೆ ಬೆಲೆ ಗಗನಕ್ಕೇರಿತು. ಅವಳು ಒಂದಿಷ್ಟು ಮಾರಿ, ಅಪ್ಪನನ್ನು ಕರೆದೊಯ್ದು, ಅಂಗಡಿಯಲ್ಲಿದ್ದ ಅತಿ ದುಬಾರಿ ಮಿಷನ್ನನ್ನೇ ಆರಿಸಿದಳು. ಕಿವಿ ಪರೀಕ್ಷಿಸುವ ಹುಡುಗಿ ಅದನ್ನು ತೊಡಿಸಿ, ತನ್ನ ಬಾಯಿಗೆ ರಟ್ಟು ಅಡ್ಡ ಹಿಡಿದು ಒಂದೊಂದೇ ಮಾತು ಹೇಳಿದಳು. ಮರ. ಬಾಗಿಲು. ಹಾಲು. ಪ್ರತಿ ಮಾತಿಗೂ ಅಪ್ಪ ತಲೆಯೆತ್ತಿದರು, ಅದನ್ನು ತಿರುಗಿ ಹೇಳಲಾಗದೆ ಪೆಚ್ಚಾಗಿ ನಕ್ಕರು.

"ಸದ್ದು ಚೆನ್ನಾಗೇ ಬೀಳ್ತಿದೆ," ಎಂದಳು ಹುಡುಗಿ. "ಆದ್ರೆ ಮಾತು ಬಿಡಿಸ್ಕೊಳ್ಳೋದು ಮೆದುಳಿನ ಕೆಲಸ. ಇಷ್ಟು ವರ್ಷ ಸರಿಯಾಗಿ ಕೇಳದೆ ಅದಕ್ಕೆ ಅಭ್ಯಾಸ ತಪ್ಪಿದೆ. ಹಾಕ್ಕೊಂಡಿದ್ರೆ ಸ್ವಲ್ಪ ಸುಧಾರಿಸಬಹುದು. ಮೊದಲಿನ ಹಾಗೆ ಆಗೋದು ಕಷ್ಟ. ಎರಡು ವರ್ಷ ಮುಂಚೆ ಬಂದಿದ್ರೆ ಮಾತು ಬೇರೆ ಇತ್ತು."

ಕಾದಷ್ಟೂ ಬೆಳೆಯುತ್ತದೆ ಎಂದು ಊರಿಗೆಲ್ಲ ಹೇಳಿದವಳು, ಕಾಯುತ್ತ ಕಾಯುತ್ತ ಅಪ್ಪನ ಕಿವಿಯನ್ನೇ ಕಳೆದಿದ್ದಳು. ಹಣ ಕೊಟ್ಟು ರಸೀದಿ ತೆಗೆದುಕೊಂಡಳು.

ಬೀದಿಗೆ ಬಂದರು. ವಾಹನಗಳ ಸದ್ದಿಗೆ ಅಪ್ಪ ಬೆಚ್ಚಿ ಅವಳ ತೋಳು ಹಿಡಿದರು. ಅವರ ಮುಖದಲ್ಲಿ ಬೇರೆಯೇ ಚಿಂತೆಯಿತ್ತು.

"ನನಗೋಸ್ಕರ ಅಂತ ಅವಸರದಲ್ಲಿ ಮಾರಿಬಿಟ್ಯೇನಮ್ಮ? ನಷ್ಟ ಆಗ್ಲಿಲ್ಲ ತಾನೆ?"

"ಇಲ್ಲ ಅಪ್ಪ."

ಅವರು ಅವಳ ತುಟಿಯನ್ನೇ ನೋಡುತ್ತ ಬಾಗಿದರು.

"ನಷ್ಟ ಆಗ್ಲಿಲ್ಲ" ಎಂದಳು, ಇನ್ನೂ ಜೋರಾಗಿ. ಅವರಿಗೆ ತಿಳಿಯಲಿಲ್ಲ. ಹೋಗುತ್ತಿದ್ದವರು ತಿರುಗಿ ನೋಡಿದರು. ಅವಳು ಅಳು ನುಂಗಿಕೊಂಡು, ತಲೆಯಾಡಿಸಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಏನೂ ನಷ್ಟ ಆಗ್ಲಿಲ್ಲ ಅಪ್ಪ."

ಅಪ್ಪನ ಮುಖ ಅರಳಿತು. "ಅದಕ್ಕೇ ನಿನ್ನ ಕೈಗೆ ಕೊಟ್ಟಿದ್ದು," ಎಂದು ಅವಳ ಬೆನ್ನು ತಟ್ಟಿದರು.